ಉಪ್ಪಿನ ಲೆಕ್ಕ ದಿನದ್ದು, ಸುಣ್ಣದ ಲೆಕ್ಕ ವರ್ಷದ್ದು

ಪ್ರಶ್ನೆ: ಡಾಕ್ಟ್ರೇ, ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಕಾಫಿ ತೋಟ, ಜೊತೆಗೆ ಹೋಂಸ್ಟೇ. ಎರಡು ಕುದುರೆ ಇವೆ. ವಾರಕ್ಕೆ ಐದು ದಿನ ಅತಿಥಿಗಳನ್ನು ಕೂರಿಸಿಕೊಂಡು ತೋಟದ ದಾರಿಯಲ್ಲಿ ಎರಡು ಗಂಟೆ ಸುತ್ತುತ್ತವೆ. ಅದರಲ್ಲಿ ಎಂಟು ವರ್ಷದ ಮಾರ್ವಾರಿ ತಳಿಯದ್ದನ್ನು 40 ಕಿ.ಮೀ. ಎಂಡ್ಯೂರೆನ್ಸ್ (ದೂರದ) ಸವಾರಿಗೆ ತಯಾರು ಮಾಡ್ತಾ ಇದ್ದೇನೆ. ಈ ಮಾರ್ಚ್ ಬಿಸಿಲಿಗೆ ಮೈತುಂಬ ಬಿಳಿ ನೊರೆ. ಸವಾರಿ ಮುಗಿಸಿ ಬಕೆಟ್ ಇಟ್ಟರೆ ಮೂಸಿ ನೋಡಿ ಸುಮ್ನೆ ನಿಲ್ಲುತ್ತದೆ, ಕುಡಿಯುವುದಿಲ್ಲ. ಹೋದ ವಾರ 25 ಕಿ.ಮೀ. ಆದ ಮೇಲೆ ಹಿಂಗಾಲು ಸೆಟೆದುಕೊಂಡಿತು, ಮೂತ್ರ ಕಂದಾಗಿತ್ತು. ಮಾರನೇ ದಿನ ಸರಿಹೋಯಿತು. ಒಬ್ಬರು ಓಆರ್‌ಎಸ್ ಕೊಡಿ ಅಂತಾರೆ, ಇನ್ನೊಬ್ಬರು ಎಳನೀರು ಅಂತಾರೆ, ಕುದುರೆ ನೋಡಿಕೊಳ್ಳುವ ಹುಡುಗ ಬೆಲ್ಲದ ನೀರು ಅಂತಾನೆ. ಈಗ ದಿನಕ್ಕೆ 20 ಕೆ.ಜಿ. ಹಸಿ ನೇಪಿಯರ್, 2 ಕೆ.ಜಿ. ಭತ್ತದ ಹುಲ್ಲು, 2 ಕೆ.ಜಿ. ಗೋಧಿ ಬೂಸಾ, ಒಂದೂವರೆ ಕೆ.ಜಿ. ಹುರುಳಿ ಬೇಯಿಸಿ ಕೊಡುತ್ತೇವೆ. ಲಾಯದ ಗೋಡೆಗೆ ಉಪ್ಪಿನ ಕಲ್ಲು ಕಟ್ಟಿದೆ. ಎಷ್ಟು ಉಪ್ಪು, ಎಷ್ಟು ಖನಿಜ ಬೇಕು?

ಉತ್ತರ: ಮೊದಲು ಆ ಕಂದು ಮೂತ್ರದ ಮಾತು ಮುಗಿಸೋಣ. ಉಪ್ಪಿನ ಲೆಕ್ಕ ಆಮೇಲೆ.

ಸವಾರಿಯಾದ ಮೇಲೆ ಹಿಂಭಾಗ ಕಲ್ಲಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಬಣ್ಣ ಮೂತ್ರಪಿಂಡದ ಮೂಲಕ ಹೊರಗೆ ಬರುತ್ತಿದೆ ಎಂದು ಅರ್ಥ. ‘ಮಾರನೇ ದಿನ ಸರಿಹೋಯಿತು’ ಅಂದರೆ ನಡಿಗೆ ಸರಿಹೋಯಿತು, ಅಷ್ಟೇ. ಒಳಗೆ ಏನಾಗಿದೆ ಅಂತ ನೋಡಬೇಕು. ನಿಮ್ಮ ಹತ್ತಿರದ ಪಶುವೈದ್ಯರಿಗೆ ಹೇಳಿ ಸಿಕೆ ಮತ್ತು ಎಎಸ್‌ಟಿ ಎಂಬ ಎರಡು ರಕ್ತಪರೀಕ್ಷೆ ಮಾಡಿಸಿ, ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವಗಳು ಅವು. ಸಿಕೆ ಕೆಲವೇ ದಿನದಲ್ಲಿ ಇಳಿದುಬಿಡುತ್ತದೆ, ಎಎಸ್‌ಟಿ ಒಂದೆರಡು ವಾರ ನಿಲ್ಲುತ್ತದೆ. ಹಾಗಾಗಿ ಈಗಲೂ ತಡವಾಗಿಲ್ಲ. ರಿಪೋರ್ಟ್ ಬರುವವರೆಗೆ ದೂರದ ಸವಾರಿ ಬೇಡ.

ಒಂದು ಸಣ್ಣ ವಿಷಯ. ನೆಲದ ಮೇಲೆ ಬಿದ್ದ ಕುದುರೆ ಮೂತ್ರ ಗಾಳಿಗೆ ಸುಮ್ನೆಯೂ ಕಂದಾಗುತ್ತದೆ. ಮುಂದಿನ ಸಲ ಬಿಳಿ ಮಗ್ಗಿನಲ್ಲಿ ನೇರ ಹಿಡಿದು ನೋಡಿ. ಮಬ್ಬಾಗಿ ಹಳದಿ ಇದ್ದರೆ ಪರವಾಗಿಲ್ಲ, ಕುದುರೆಯ ಮೂತ್ರ ಇರುವುದೇ ಹಾಗೆ. ಹಿಡಿದ ಗಳಿಗೆಯಲ್ಲೇ ಕಂದಾಗಿದ್ದರೆ ಆ ಜಾಗದಿಂದ ಒಂದು ಹೆಜ್ಜೆಯೂ ನಡೆಸಬೇಡಿ, ಫೋನ್ ಮಾಡಿ. ಮನೆಯಲ್ಲಿ ಉಳಿದಿರುವ ನೋವಿನ ಪುಡಿ, ಇಂಜೆಕ್ಷನ್ ಯಾವುದನ್ನೂ ನೀವಾಗಿ ಕೊಡಬೇಡಿ. ನೀರು ಬತ್ತಿದ ಕುದುರೆಗೆ ನೋವಿನ ಔಷಧಿ ಕೊಟ್ಟರೆ ಮೂತ್ರಪಿಂಡಕ್ಕೆ ಎರಡನೇ ಪೆಟ್ಟು ಬೀಳುತ್ತದೆ.

ಇನ್ನು ಉಪ್ಪಿಗೆ ಬರೋಣ.

ಕುದುರೆಯ ಬೆವರು ನಮ್ಮ ಬೆವರಿನ ಹಾಗಲ್ಲ. ನಮ್ಮ ಬೆವರಿನಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ. ನೀರು ಜಾಸ್ತಿ ಹೋಗಿ ರಕ್ತ ಉಪ್ಪಾಗುತ್ತದೆ, ಮೆದುಳಿಗೆ ಗೊತ್ತಾಗುತ್ತದೆ, ಬಾಯಾರುತ್ತದೆ. ಕುದುರೆಯ ಬೆವರು ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉಪ್ಪು. ನೀರೂ ಉಪ್ಪೂ ಒಟ್ಟಿಗೆ ಖಾಲಿಯಾಗುತ್ತವೆ. ಉಳಿದ ರಕ್ತದ ರುಚಿ ಬದಲಾಗಿಲ್ಲವಲ್ಲ, ಹಾಗಾಗಿ ಮೆದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ನಿಮ್ಮ ಮಾರ್ವಾರಿ ಬಕೆಟ್ ಮೂಸಿ ಸುಮ್ಮನಾಗುವುದು ಹಟದಿಂದಲ್ಲ. ಹತ್ತು ಲೀಟರ್ ಕಳೆದುಕೊಂಡೂ ಅದಕ್ಕೆ ಬಾಯಾರಿಲ್ಲ. ಆ ಬಿಳಿ ನೊರೆ ಕೂಡ ರೋಗವಲ್ಲ. ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ, ಸೋಪಿನಂತೆ ಕೆಲಸ ಮಾಡಿ ಬೆವರನ್ನು ಕೂದಲ ಉದ್ದಕ್ಕೂ ಹರಡುತ್ತದೆ. ಜೀನು ಉಜ್ಜುವ ಕಡೆ, ತೊಡೆ ಸಂದಿಯಲ್ಲಿ ನೊರೆ ಏಳುತ್ತದೆ. ಒಣಗಿದ ಮೇಲೆ ಜೀನಿನ ಕೆಳಗಿನ ಬಟ್ಟೆಯಲ್ಲಿ ಬಿಳಿ ಗೆರೆ ಉಳಿಯುತ್ತದಲ್ವಾ, ನಾಲಗೆಗೆ ಮುಟ್ಟಿಸಿ ನೋಡಿ. ನಾನು ನೋಡಿದ್ದೇನೆ. ಕಟು ಉಪ್ಪು.

ಆ ಬೆವರಿನ ಒಂದು ಲೀಟರ್‌ನಲ್ಲಿ ಸುಮಾರು 3 ಗ್ರಾಂ ಸೋಡಿಯಂ, ಐದೂವರೆ ಗ್ರಾಂ ಕ್ಲೋರೈಡ್, ಒಂದೂವರೆ ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಕ್ಯಾಲ್ಸಿಯಂ ಗ್ರಾಮಿನ ಹತ್ತನೇ ಒಂದು ಭಾಗ, ಮೆಗ್ನೀಷಿಯಂ ಅದರ ಅರ್ಧ. ಈ ಸಾಲನ್ನು ಲಾಯದ ಬಾಗಿಲಿಗೆ ಬರೆದು ಅಂಟಿಸಿ, ಮುಂದಿನದೆಲ್ಲ ಗುಣಾಕಾರ.

ಗುಣಾಕಾರಕ್ಕೆ ಎರಡು ಅಳತೆ ಬೇಕು, ಕುದುರೆಯ ತೂಕ ಮತ್ತು ಬೆವರಿನ ಲೀಟರ್. ತೂಕಕ್ಕೆ ಟೇಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಮತ್ತು ಹೆಗಲಿನ ಮುಂದಿನ ಮೂಳೆಯಿಂದ ಪೃಷ್ಠದ ತುದಿಮೂಳೆವರೆಗಿನ ಉದ್ದ, ಎರಡೂ ಸೆಂಟಿಮೀಟರಿನಲ್ಲಿ ತಗೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 150 ಬಂತು ಅನ್ನಿ, ತೂಕ 344 ಕೆ.ಜಿ. ನಿಮ್ಮ ಮಾರ್ವಾರಿಯನ್ನು 350 ಕೆ.ಜಿ. ಎಂದೇ ಇಟ್ಟುಕೊಂಡು ಮುಂದಿನ ಲೆಕ್ಕ ಹಾಕಿದ್ದೇನೆ. ಅಳೆದು ಬೇರೆ ಬಂದರೆ ಆ ಪ್ರಮಾಣಕ್ಕೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬೆವರಿನ ಅಳತೆ ಕಷ್ಟ. ಸವಾರಿಗೆ ಮುಂಚೆ, ಆದ ಮೇಲೆ ತೂಗಿದರೆ ಇಳಿದ ಒಂದೊಂದು ಕೆ.ಜಿ.ಗೂ ಹೆಚ್ಚುಕಮ್ಮಿ ಒಂದು ಲೀಟರ್. ನಡುವೆ ಕುಡಿದ ನೀರನ್ನು ಕೂಡಿಸಿ, ಹಾಕಿದ ಲದ್ದಿಯನ್ನು ಕಳೆಯಬೇಕು. ಆದರೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಕುದುರೆ ನಿಲ್ಲುವುದಿಲ್ಲ, ಲಾರಿ ತೂಗುವ ವೇಬ್ರಿಡ್ಜ್ ಐದು ಹತ್ತು ಕಿಲೋದ ಲೆಕ್ಕದಲ್ಲಿ ಜಿಗಿಯುತ್ತದೆ. ಹಾಗಾಗಿ ನಾನು ಕಣ್ಣಳತೆ ಹೇಳುತ್ತೇನೆ. ಇದು ನನ್ನ ಅಂದಾಜು, ನಿಮ್ಮ ಗಾತ್ರದ ಕುದುರೆಗೆ. ಜೀನಿನ ಕೆಳಗೆ ಮತ್ತು ಕತ್ತು ಮಾತ್ರ ಒದ್ದೆಯಾದರೆ ಎರಡು ಮೂರು ಲೀಟರ್. ಪಕ್ಕೆ, ಹೊಟ್ಟೆಯೆಲ್ಲ ಒದ್ದೆಯಾಗಿ ತೊಡೆ ಸಂದಿಯಲ್ಲಿ ನೊರೆ ಬಂದರೆ ಆರರಿಂದ ಎಂಟು. ಕಣ್ಣಿನ ಮೇಲಿನ ಗುಳಿಯಿಂದಲೂ ಇಳಿದು ಹೊಟ್ಟೆಯ ಕೆಳಗಿಂದ ತೊಟ್ಟಿಕ್ಕಿದರೆ ಹತ್ತು ದಾಟಿದೆ.

‘ನಮ್ಮ ಕೊಡಗು ತಂಪಲ್ವಾ ಡಾಕ್ಟ್ರೇ’ ಅಂತ ಜನ ನನಗೆ ಹೇಳುತ್ತಲೇ ಇರುತ್ತಾರೆ. ತಂಪು ಹೌದು, ಗಾಳಿಯಲ್ಲಿ ತೇವವೂ ಹೌದು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಹೂಮಳೆ ಬಿದ್ದ ಮರುದಿನ ಕಾಫಿ ಗಿಡಗಳ ನಡುವೆ, ನೆರಳು ಮರದ ಕೆಳಗೆ, ಗಾಳಿಯೇ ಆಡದ ಕಡೆ ಬೆವರು ಆರುವುದಿಲ್ಲ, ಸೋರುತ್ತದೆ. ಕುದುರೆ ಇನ್ನೂ ಬೆವರುತ್ತದೆ. ಸವಾರರಲ್ಲಿ ಒಂದು ಹಳೇ ಕೂಡಿಕೆ ಇದೆ. ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವದ ಶೇಕಡಾ ಸೇರಿಸಿ, 130ರ ಕೆಳಗಿದ್ದರೆ ನಿಶ್ಚಿಂತೆ, 150 ದಾಟಿದರೆ ಎಚ್ಚರ, 180 ದಾಟಿದರೆ ಜೀನು ಹಾಕಲೇಬೇಡಿ. 29 ಡಿಗ್ರಿ ಸೆಲ್ಸಿಯಸ್ ಅಂದರೆ 84 ಫ್ಯಾರನ್‌ಹೀಟ್, ತೇವ 75 ಸೇರಿ 159. ನಮ್ಮ ಕಡೆ ಅದು ಮಾಮೂಲಿ ಸಂಜೆ. ಆದರೆ ಆಟಿ ಮಳೆಯಲ್ಲಿ ಈ ಕೂಡಿಕೆ ನಂಬಬೇಡಿ. ಮಡಿಕೇರಿಯಲ್ಲಿ ಜುಲೈ ಬಂದರೆ 68ಕ್ಕೆ 95 ಸೇರಿ 163 ತೋರಿಸುತ್ತದೆ, ಕುದುರೆ ಮಾತ್ರ ಚಳಿಗೆ ಕೂದಲು ನಿಮಿರಿಸಿಕೊಂಡು ನಿಂತಿರುತ್ತದೆ.

ಈಗ ನಿಮ್ಮ ಮಾಮೂಲಿ ದಿನ. ಎರಡು ಗಂಟೆ ಸವಾರಿ, 8 ಲೀಟರ್ ಬೆವರು ಎನ್ನೋಣ. ಸುಮ್ಮನೆ ನಿಂತಿದ್ದರೂ 350 ಕೆ.ಜಿ. ಕುದುರೆಗೆ ದಿನಕ್ಕೆ 7 ಗ್ರಾಂ ಸೋಡಿಯಂ ಬೇಕು. ಬೆವರಿನಲ್ಲಿ ಹೋದದ್ದು 24. ಒಟ್ಟು 31. ಹುಲ್ಲು, ಬೂಸಾ, ಹುರುಳಿ ಎಲ್ಲ ಸೇರಿ ಸಿಗುವುದು ಮೂರು ಗ್ರಾಂ ಅಷ್ಟೇ, ಗಿಡಗಳಲ್ಲಿ ಸೋಡಿಯಂ ಇರುವುದೇ ಅಷ್ಟು. ಉಳಿದ 28 ಗ್ರಾಂ ಉಪ್ಪಿನಿಂದ ಬರಬೇಕು. ಅಡುಗೆ ಉಪ್ಪಿನಲ್ಲಿ ನೂರಕ್ಕೆ 39 ಪಾಲು ಸೋಡಿಯಂ. 28ನ್ನು 0.39ರಿಂದ ಭಾಗಿಸಿದರೆ 72. ಅಂದರೆ ಸವಾರಿ ದಿನ ಸುಮಾರು 70 ಗ್ರಾಂ ಉಪ್ಪು. ಕ್ಲೋರೈಡ್ ಕೂಡ ಅದರಲ್ಲೇ ಬರುತ್ತದೆ. ರಜೆ ದಿನ 30–35 ಗ್ರಾಂ ಸಾಕು. ಚಮಚದ ಲೆಕ್ಕ ಬೇಡ. ಪುಡಿ ಉಪ್ಪು ಒಂದು ತೂಕ, ಕಲ್ಲುಪ್ಪು ಇನ್ನೊಂದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಸಲ ತೂಗಿ, ಅಷ್ಟು ಹಿಡಿಯುವ ಲೋಟಕ್ಕೆ ಗೆರೆ ಹಾಕಿ ಹುಡುಗನ ಕೈಗೆ ಕೊಡಿ.

ಪೊಟ್ಯಾಷಿಯಂ? ಮಾಮೂಲಿ ದಿನಕ್ಕೆ ತಲೆಕೆಡಿಸಿಕೊಳ್ಳಬೇಡಿ. ನೀವು ಹಾಕುವ ಹುಲ್ಲಿನಲ್ಲೇ ನೂರು ಗ್ರಾಂ ಹತ್ತಿರ ಇದೆ, ಬೇಕಾದದ್ದು ಅದರ ಅರ್ಧವೂ ಅಲ್ಲ. ಹೊಟ್ಟೆತುಂಬ ಹುಲ್ಲು ತಿನ್ನುವ ಕುದುರೆಗೆ ದಿನಾ ಪೊಟ್ಯಾಷಿಯಂ ಪುಡಿ ಹಾಕುವುದು ಕಾವೇರಿಗೆ ನೀರು ಹೊತ್ತ ಹಾಗೆ.

ಅಯೋಡಿನ್ ಉಪ್ಪು ಕೊಡಬಹುದಾ ಎಂದು ಕೇಳುವವರಿದ್ದಾರೆ. ಕೊಡಬಹುದು. 70 ಗ್ರಾಮಿನಲ್ಲಿ ಬರುವ ಅಯೋಡಿನ್ ಒಂದೆರಡು ಮಿಲಿಗ್ರಾಂ, ಅದು ಹೇಗೂ ಬೇಕು. ಗುಲಾಬಿ ಬಣ್ಣದ ಉಪ್ಪಿಗೆ ಜಾಸ್ತಿ ದುಡ್ಡು ಕೊಡಬೇಡಿ, ಅದರಲ್ಲಿ ಹೆಚ್ಚಿಗೆ ಇರುವುದು ಬಣ್ಣ. ಗೋಡೆಯ ಉಪ್ಪಿನ ಕಲ್ಲು ಹಸುವಿಗಾಗಿ ಮಾಡಿದ್ದು. ಹಸುವಿನ ನಾಲಗೆ ಅರದಂತೆ, ಕುದುರೆಯದ್ದು ನಯ. ನೆಕ್ಕಿ ನೆಕ್ಕಿ 70 ಗ್ರಾಂ ತೆಗೆಯುವ ಕುದುರೆಯನ್ನು ನಾನು ನೋಡಿಲ್ಲ.

ನಿಮಗೆ ಬಂದ ಮೂರು ಸಲಹೆಗಳಿಗೂ ಇದೇ ಗುಣಾಕಾರ ಹಾಕಿ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅದರ 20.5 ಗ್ರಾಮಿನಲ್ಲಿ 13.5 ಗ್ರಾಂ ಗ್ಲೂಕೋಸ್, ಸೋಡಿಯಂ ಇರುವುದು 1.7 ಗ್ರಾಂ. ಭೇದಿಯಾದ ಮಗುವಿಗೆ ಲೆಕ್ಕ ಹಾಕಿ ಮಾಡಿದ ಒಳ್ಳೇ ಔಷಧಿ ಅದು. ನಿಮ್ಮ ಕುದುರೆಯ 40 ಕಿ.ಮೀ. ಬೆವರು ತುಂಬಲು 35 ಪ್ಯಾಕೆಟ್ ಬೇಕು. ಎಳನೀರಿನಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ, ಕುದುರೆಗೆ ಬೇಕಾದ್ದಕ್ಕೆ ತಿರುಗುಮುರುಗು. ಬೆಲ್ಲದ ನೀರಿನಲ್ಲಿ ಉಪ್ಪೇ ಇಲ್ಲ, ರುಚಿಗೆ ಒಂದು ಚೂರು ಹಾಕಿದರೆ ತಪ್ಪಿಲ್ಲ. ಅಡುಗೆ ಸೋಡಾ ಹಾಕುವವರೂ ಇದ್ದಾರೆ. ಅದು ಬೇಡ. ದೂರ ಓಡಿದ ಕುದುರೆ ಕ್ಲೋರೈಡ್ ಕಳೆದುಕೊಂಡು ರಕ್ತ ಆಗಲೇ ಕ್ಷಾರದ ಕಡೆ ವಾಲಿರುತ್ತದೆ, ಸೋಡಾ ಅದನ್ನು ಇನ್ನಷ್ಟು ತಳ್ಳುತ್ತದೆ.

ಆ ಹುಡುಗನಿಗೆ ಬೇಜಾರಾಗದಿರಲಿ, ನಿಮ್ಮ ಲಾಯದಲ್ಲೇ ಎಲ್ಲಕ್ಕಿಂತ ಒಳ್ಳೇ ಪಾನೀಯ ದಿನಾ ಚರಂಡಿಗೆ ಹೋಗುತ್ತಿರಬಹುದು. ಹುರುಳಿ ಬೇಯಿಸಿದ ಕಟ್ಟು! ಅದನ್ನು ಬಸಿದು ತಣ್ಣಗಾಗಲು ಬಿಡಿ, ನೀರು ಸೇರಿಸಿ ತೆಳ್ಳಗೆ ಮಾಡಿ. ಹತ್ತು ಲೀಟರಿಗೆ 90 ಗ್ರಾಂ ಉಪ್ಪು. ಇದು ಹೆಚ್ಚುಕಮ್ಮಿ ರಕ್ತದಷ್ಟೇ ಉಪ್ಪು. ದಣಿದ ಕುದುರೆ ಮೊದಲು ಇಂಥ ಉಪ್ಪುನೀರು ಕುಡಿದರೆ ರಕ್ತದ ಉಪ್ಪು ಇಳಿಯುವುದಿಲ್ಲ, ಹಾಗಾಗಿ ಬಾಯಾರಿಕೆ ಆರದೆ ಉಳಿಯುತ್ತದೆ, ಆಮೇಲೆ ಸಪ್ಪೆ ನೀರನ್ನೂ ಚೆನ್ನಾಗಿ ಕುಡಿಯುತ್ತದೆ. ಬರೀ ಸಪ್ಪೆ ನೀರೇ ಮೊದಲು ಸಿಕ್ಕರೆ ನಾಲ್ಕು ಗುಟುಕಿಗೆ ಸಾಕು ಅನ್ನಿಸಿಬಿಡುತ್ತದೆ. ಕಲಿಸಲು ಒಂದೆರಡು ವಾರ ಬೇಕು. ಮೊದಲ ದಿನ ಬಕೆಟಿಗೆ 20 ಗ್ರಾಂ, ದಿನದಿಂದ ದಿನಕ್ಕೆ ಏರಿಸಿ. ಪಕ್ಕದಲ್ಲಿ ಸಪ್ಪೆ ನೀರಿನ ಬಕೆಟ್ ಯಾವತ್ತೂ ಇರಲೇಬೇಕು. ಬಕೆಟಿನಲ್ಲಿ ಕುಡಿದ ಉಪ್ಪನ್ನು ಆ ದಿನದ 70 ಗ್ರಾಮಿನಲ್ಲಿ ಕಳೆಯಿರಿ. ಬೆವರಿದ ಕುದುರೆಗೆ ತಣ್ಣೀರು ಕುಡಿಸಿದರೆ ಹೊಟ್ಟೆನೋವು ಬರುತ್ತದೆ, ಮೈಮೇಲೆ ಸುರಿದರೆ ಸೆಟೆದುಕೊಳ್ಳುತ್ತದೆ ಅನ್ನುವ ಹೆದರಿಕೆ ನಮ್ಮಲ್ಲಿ ಇನ್ನೂ ಇದೆ. ಎರಡೂ ಸುಳ್ಳು. ತೋಡು ಸಿಕ್ಕರೆ ನಿಲ್ಲಿಸಿ ಕುಡಿಸಿ, ಬಕೆಟ್ ಬಕೆಟ್ ನೀರು ಸುರಿಯಿರಿ, ನಿಲ್ಲಿಸದೆ ಸುರಿಯಿರಿ.

40 ಕಿ.ಮೀ. ದಿನದ ಲೆಕ್ಕ ಬೇರೆ. ನಾಲ್ಕು ಗಂಟೆ, ಗಂಟೆಗೆ 5 ಲೀಟರಿನಂತೆ 20 ಲೀಟರ್ ಬೆವರು. ಸೋಡಿಯಂ 60, ಕ್ಲೋರೈಡ್ 110, ಪೊಟ್ಯಾಷಿಯಂ 30 ಗ್ರಾಂ. ಆ ದಿನ ಹುಲ್ಲು ತಿನ್ನಲು ಹೊತ್ತಿಲ್ಲ, ಹಾಗಾಗಿ ಪೊಟ್ಯಾಷಿಯಮ್ಮೂ ಬೇಕು. 150 ಗ್ರಾಂ ಅಡುಗೆ ಉಪ್ಪು, 50 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿಡಿ. ಮೂರಕ್ಕೊಂದು ಪಾಲು, ನೆನಪಿಡಲು ಸುಲಭ. ಲೆಕ್ಕ ಮಾಡಿದರೆ ಸೋಡಿಯಂ 58, ಕ್ಲೋರೈಡ್ 115, ಪೊಟ್ಯಾಷಿಯಂ 26 ಬರುತ್ತದೆ. ಸವಾರಿಗೆ ಎರಡು ಗಂಟೆ ಮುಂಚೆ 30 ಗ್ರಾಂ, ಒದ್ದೆ ಮೇವಿನಲ್ಲಿ. ನಡುವಿನ ನಿಲುಗಡೆಯಲ್ಲಿ ಕುದುರೆ ನೀರು ಕುಡಿದರೆ ಮಾತ್ರ 50. ಮುಗಿದ ಮೇಲೆ ಅಂಬಲಿಯಂತೆ ಕಲಸಿದ ಮೇವಿನಲ್ಲಿ 50. ಉಳಿದ 70 ಮಾರನೇ ದಿನ. ಎಲ್ಲವನ್ನೂ ಅವತ್ತೇ ತುಂಬಬೇಕಾಗಿಲ್ಲ, ಕುದುರೆಯ ದೊಡ್ಡ ಕರುಳಿನಲ್ಲೇ ನೀರು, ಉಪ್ಪಿನ ಕೆರೆ ಇದೆ. ಆ ಕೆರೆ ತುಂಬಿರಬೇಕಾದರೆ ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಹುಲ್ಲು ಬಿಚ್ಚಿ ಹಾಕಿ. ಮೂರು ದಿನ ಮುಂಚಿನಿಂದ ಉಪ್ಪು ಜಾಸ್ತಿ ಕೊಟ್ಟು ಕೂಡಿಡುತ್ತೇನೆ ಅಂದರೆ ಆಗುವುದಿಲ್ಲ, ಹೆಚ್ಚಿದ್ದು ಮೂತ್ರದಲ್ಲಿ ಹೋಗುತ್ತದೆ.

‘ಕುಡಿದರೆ ಮಾತ್ರ’ ಎಂದೆನಲ್ಲ, ಅದಕ್ಕೆ ನಾನು ಬೆಲೆ ಕೊಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸವಾರಿಯ ದಿನ, ನೀರು ಮುಟ್ಟದ ಒಂದು ಕಂದು ಹೆಣ್ಣು ಕುದುರೆಗೆ ಗಟ್ಟಿಯಾಗಿ ಕಲಸಿದ ಉಪ್ಪನ್ನು ಸಿರಿಂಜಿನಲ್ಲಿ ಗಂಟಲಿಗೆ ಹಾಕಿದೆ. ಹೇಗೂ ಬಾಯಾರಿ ಕುಡಿಯುತ್ತದೆ ಎಂದು ನನ್ನ ಎಣಿಕೆ. ಅರ್ಧ ಗಂಟೆಯಲ್ಲಿ ಅದು ತಲೆ ಬಗ್ಗಿಸಿ ಹಲ್ಲು ಕಡಿಯತೊಡಗಿತು. ಕಲ್ಲಿನ ಮೇಲೆ ಕಲ್ಲು ಉಜ್ಜಿದ ಸದ್ದು. ಮೇಲ್ದುಟಿ ಮಡಚುವುದು, ಹೊಟ್ಟೆ ಕಡೆ ತಿರುಗಿ ನೋಡುವುದು. ಗಟ್ಟಿ ಉಪ್ಪು ಖಾಲಿ ಹೊಟ್ಟೆಯ ಗೋಡೆ ಸುಟ್ಟಿತ್ತು. ಜೊತೆಗೆ ಮೈಯಲ್ಲಿ ಉಳಿದಿದ್ದ ನೀರನ್ನೂ ಕರುಳಿಗೆ ಎಳೆದುಕೊಂಡಿತ್ತು. ಮೂಗಿನ ಮೂಲಕ ಟ್ಯೂಬ್ ಇಳಿಸಿ ನೀರು ಹಾಕಿದ್ದಾಯಿತು, ಕುದುರೆ ಉಳಿಯಿತು. ಎರಡು ದಿನ ಮೇವು ಮುಟ್ಟಲಿಲ್ಲ. ಅದರ ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಈಗಲೂ ಯಾರಾದರೂ ಸಿರಿಂಜ್ ಹಿಡಿದರೆ ಮೊದಲು ಬಕೆಟ್ ಕಡೆ ನೋಡುತ್ತೇನೆ.

ಇಲ್ಲಿಯವರೆಗೆ ನೀವು ಕೇಳಿದ್ದಕ್ಕೆ ಉತ್ತರ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. 20 ಕೆ.ಜಿ. ನೇಪಿಯರ್, 2 ಕೆ.ಜಿ. ಬೂಸಾ.

ಉಪ್ಪು ತೋಟದ ಚೆಕ್‌ರೋಲ್ ಇದ್ದ ಹಾಗೆ, ಅವತ್ತಿನ ಹಾಜರಿ ಅವತ್ತೇ ಬರೆದು ಮುಗಿಸಬೇಕು. ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಬ್ಯಾಂಕಿನ ಬೆಳೆಸಾಲ ಇದ್ದ ಹಾಗೆ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ, ಒಳಗೆ ಮೂಳೆ ಅಡವಿಟ್ಟು ದಿನ ದೂಡುತ್ತಿರುತ್ತದೆ.

ನೇಪಿಯರ್ ಹಸುವಿಗೆ ಚಿನ್ನದಂಥ ಮೇವು. ಆದರೆ ನೇಪಿಯರ್, ಗಿನಿ ಹುಲ್ಲು, ಎಲ್ಲಕ್ಕಿಂತ ಜಾಸ್ತಿ ಸೆಟೇರಿಯಾ, ಇವುಗಳಲ್ಲಿ ಆಕ್ಸಲೇಟ್ ಎಂಬ ಹುಳಿ ಅಂಶ ಇದೆ. ಅದು ಹುಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಲದ್ದಿಯಲ್ಲಿ ಹೊರಗೆ ಹೋಗುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಅಲ್ಲೇ ಒಡೆದುಹಾಕುತ್ತವೆ. ಕುದುರೆಗೆ ಆ ಹೊಟ್ಟೆ ಇಲ್ಲ. ಸೂಕ್ಷ್ಮಜೀವಿಗಳು ಇರುವುದು ಕೊನೆಯ ಕರುಳಿನಲ್ಲಿ, ಕ್ಯಾಲ್ಸಿಯಂ ಹೀರುವುದು ಅದಕ್ಕೂ ಮುಂಚಿನ ಸಣ್ಣ ಕರುಳಿನಲ್ಲಿ. ಬಸ್ಸು ಹೋದ ಮೇಲೆ ಟಿಕೆಟ್ ಕೊಟ್ಟಂತೆ. ಮಳೆ ಬಿದ್ದು ಯೂರಿಯಾ ಹಾಕಿದ ಮೇಲೆ ಚಿಗುರುವ ಎಳೇ ನೇಪಿಯರಿನಲ್ಲಿ ಆಕ್ಸಲೇಟ್ ಇನ್ನೂ ಜಾಸ್ತಿ.

ಬೂಸಾದ ಕಥೆ ಇನ್ನೊಂದು. ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಕ್ಯಾಲ್ಸಿಯಂ ಅದರ ಎಂಟನೇ ಒಂದು ಭಾಗ. ಕುದುರೆಗೆ ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು, ಒಂದೂವರೆಯಿಂದ ಎರಡು ಪಟ್ಟು. ನಿಮ್ಮ ಮೇವನ್ನು ಕೂಡಿಸಿ ನೋಡಿದೆ. ಕ್ಯಾಲ್ಸಿಯಂ ಸುಮಾರು 25 ಗ್ರಾಂ, ರಂಜಕ 39. ಕಷ್ಟದ ಕೆಲಸ ಮಾಡುವ 350 ಕೆ.ಜಿ. ಕುದುರೆಗೆ ಬೇಕಾದದ್ದು 28 ಮತ್ತು 20. ಕಾಗದದ ಮೇಲೆ ಕ್ಯಾಲ್ಸಿಯಂ ಮೂರೇ ಗ್ರಾಂ ಕಮ್ಮಿ ಕಾಣುತ್ತದೆ. ಆದರೆ ಆ 25ರಲ್ಲಿ ಅರ್ಧಕ್ಕಿಂತ ಜಾಸ್ತಿ ನೇಪಿಯರಿನದ್ದು, ಅದು ಆಕ್ಸಲೇಟಿನ ಕೈಯಲ್ಲಿದೆ. ಲೆಕ್ಕ ತಲೆಕೆಳಗಾಗಿದೆ.

ಹೀಗೇ ವರ್ಷ ನಡೆದರೆ ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುವುದು, ಹೆಜ್ಜೆ ಚಿಕ್ಕದಾಗುವುದು, ಅಗಿಯಲು ಕಷ್ಟಪಡುವುದು, ಕೊನೆಗೆ ಕಣ್ಣಿನ ಕೆಳಗೆ ಮುಖದ ಮೂಳೆ ಎರಡೂ ಕಡೆ ಊದಿಕೊಳ್ಳುವುದು. ಗಿರಣಿ ಕುದುರೆಗಳಿಗೆ ಬೂಸಾ ತಿನ್ನಿಸಿ ತಿನ್ನಿಸಿ ಬರುತ್ತಿದ್ದ ಹಳೇ ರೋಗ ಇದು. ನಿಮ್ಮ ಕುದುರೆ ಸೆಟೆದುಕೊಂಡದ್ದರಲ್ಲಿ ಇದರ ಪಾಲೂ ಇರಬಹುದು, ಪರೀಕ್ಷಿಸದೆ ಹೇಳಲಾರೆ. ರಕ್ತದ ಕ್ಯಾಲ್ಸಿಯಂ ಮಾಡಿಸಿ ‘ನಾರ್ಮಲ್ ಬಂತು’ ಎಂದು ನಿಶ್ಚಿಂತರಾಗಬೇಡಿ. ಮೂಳೆ ಕರಗಿಸಿಯಾದರೂ ರಕ್ತದ ಮಟ್ಟವನ್ನು ದೇಹ ಕಾಯ್ದುಕೊಳ್ಳುತ್ತದೆ. ಮೇವಿನ ಲೆಕ್ಕವೇ ಇಲ್ಲಿ ದೊಡ್ಡ ಪರೀಕ್ಷೆ.

ಹೀಗೆ ಬದಲಿಸಿ. ಬೂಸಾ ಅರ್ಧ ಕಿಲೋಗೆ ಇಳಿಸಿ. ನೇಪಿಯರ್ 10 ಕೆ.ಜಿ., ಅದೂ ಸ್ವಲ್ಪ ಬಲಿತದ್ದು. ಹುರುಳಿ ಇರಲಿ. ದಿನಕ್ಕೆ 2 ಕೆ.ಜಿ. ಒಣ ಕುದುರೆ ಮೆಂತ್ಯ (ಲೂಸರ್ನ್) ಸೇರಿಸಿ, ಹೆಸರಲ್ಲೇ ಕುದುರೆ ಇದೆ ನೋಡಿ. ಅದರಲ್ಲೇ 26 ಗ್ರಾಂ ಕ್ಯಾಲ್ಸಿಯಂ, ಆಕ್ಸಲೇಟ್ ಕಮ್ಮಿ. ನಮ್ಮ ಹುಳಿಮಣ್ಣು, ನಿಂತ ನೀರು ಅದಕ್ಕೆ ಆಗುವುದಿಲ್ಲ, ಬೆಳೆಯಲು ಹೋಗಿ ಸೋಲಬೇಡಿ. ಬಯಲುಸೀಮೆಯಿಂದ ಒಣಗಿಸಿದ್ದು ತರಿಸಿ. ಭತ್ತದ ಹುಲ್ಲಿನ ಬದಲು ಹುಣಸೂರು, ಪಿರಿಯಾಪಟ್ಟಣ ಕಡೆಯ ರಾಗಿ ಹುಲ್ಲು ಸಿಕ್ಕರೆ ಇನ್ನೂ ಒಳ್ಳೆಯದು, ಸುಣ್ಣದಂಶ ಜಾಸ್ತಿ. ಇದರ ಮೇಲೆ 30 ಗ್ರಾಂ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ, ಹುರುಳಿಯಲ್ಲಿ ಕಲಸಿ. ಆಗ ಕ್ಯಾಲ್ಸಿಯಂ 50ರ ಆಸುಪಾಸು, ರಂಜಕ 22ರ ಹತ್ತಿರ ನಿಲ್ಲುತ್ತದೆ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಬೇಡ, ಅದರಲ್ಲಿ ರಂಜಕವೂ ಇದೆ, ನಿಮ್ಮಲ್ಲಿ ಅದು ತುಳುಕುತ್ತಿದೆ. ಬದಲಾವಣೆ ಹತ್ತು ಹದಿನೈದು ದಿನದಲ್ಲಿ ನಿಧಾನ ಮಾಡಿ. ಅಷ್ಟರಲ್ಲಿ ಹುಲ್ಲು ಕಮ್ಮಿಯಾಗಿ ಹೊಟ್ಟೆ ಒಣಗಿತು ಅನ್ನಿಸಿದರೆ ಬಾಣೆಯಲ್ಲಿ ಮೇಯಲು ಬಿಡಿ. ಸವಾರಿ ಇಲ್ಲದ ದಿನ ಹುರುಳಿ ಅರ್ಧ ಮಾಡಿ. ಕೆಲಸವಿಲ್ಲದ ದಿನವೂ ಪೂರ್ತಿ ಕಾಳು ತಿಂದು ಮರುದಿನ ಓಡಿದ ಕುದುರೆ ಸೆಟೆದುಕೊಳ್ಳುವುದು ಹಳೇ ಅನುಭವ.

ಈ ಎರಡು ಲೆಕ್ಕಗಳೂ ಒಂದು ಕಡೆ ಸೇರುತ್ತವೆ. ದೂರದ ಸವಾರಿಯಲ್ಲಿ ಕೆಲವು ಕುದುರೆಗಳಿಗೆ ಎದೆಬಡಿತದ ತಾಳಕ್ಕೆ ಸರಿಯಾಗಿ ಪಕ್ಕೆ ಎಗರುತ್ತದೆ, ಬಿಕ್ಕಳಿಕೆಯಂತೆ. ಉಪ್ಪೂ ಹೋಗಿ ಕ್ಯಾಲ್ಸಿಯಮ್ಮೂ ಕುಸಿದಾಗ ಆಗುವ ತೊಂದರೆ ಇದು. ಕಂಡ ಕೂಡಲೇ ಸವಾರಿ ನಿಲ್ಲಿಸಿ, ಕ್ಯಾಲ್ಸಿಯಂ ಅನ್ನು ನಿಧಾನವಾಗಿ ರಕ್ತಕ್ಕೆ ಹಾಕಬೇಕಾಗುತ್ತದೆ, ಅದು ವೈದ್ಯರ ಕೆಲಸ. ಹಾಗೆಂದು ಸವಾರಿಯ ಹಿಂದಿನ ದಿನ ಕ್ಯಾಲ್ಸಿಯಂ ಸುರಿಯಬೇಡಿ. ಕರು ಹಾಕುವ ಮುಂಚೆ ಹಸುವಿಗೆ ಕ್ಯಾಲ್ಸಿಯಂ ಜಾಸ್ತಿ ಕೊಟ್ಟರೆ ಹಾಲುಜ್ವರ ಬರುತ್ತದೆ ಎಂದು ಹೈನುಗಾರಿಕೆ ಮಾಡುವವರಿಗೆ ಗೊತ್ತು. ಮೂಳೆಯಿಂದ ತೆಗೆಯುವ ಅಭ್ಯಾಸ ತಪ್ಪಿಹೋಗುತ್ತದೆ. ಇಲ್ಲೂ ಅದೇ.

ಸಣ್ಣ ಖನಿಜಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಗಾತ್ರದ ಕುದುರೆಗೆ ದಿನಕ್ಕೆ ತಾಮ್ರ 80–90, ಸತು 300–350 ಮಿಲಿಗ್ರಾಂ ಬೇಕು. ಕುದುರೆಗೆಂದೇ ಮಾಡಿದ ಮಿಶ್ರಣ ಚೀಟಿ ಓದಿ ತನ್ನಿ. ಕಬ್ಬಿಣದ ಟಾನಿಕ್ ಬೇಡವೇ ಬೇಡ, ನಮ್ಮ ಕೆಂಪು ಮಣ್ಣಿನ ಹುಲ್ಲು ತಿನ್ನುವ ಕುದುರೆಗೆ ಕಬ್ಬಿಣದ ಬರ ಇರುವುದಿಲ್ಲ. ಸೆಲೆನಿಯಂ ಇಂಜೆಕ್ಷನ್ ರಕ್ತ ನೋಡದೆ ಹಾಕಿಸಬೇಡಿ. ಬೇಕಾದದ್ದು ದಿನಕ್ಕೆ ಒಂದು ಮಿಲಿಗ್ರಾಮಿಗಿಂತ ಕಡಿಮೆ, ಜಾಸ್ತಿಯಾದರೆ ವಿಷ.

ತೋಟದ ಮನೆಯಲ್ಲಿ ಇನ್ನೊಂದು ಅಪಾಯ ಇದೆ, ಗೊಬ್ಬರದ ಶೆಡ್ಡು. ಅಲ್ಲಿ ಇರುವ ಎಂಒಪಿ ಎಂಬ ಪೊಟ್ಯಾಷ್ ಗೊಬ್ಬರ ಕೂಡ ಪೊಟ್ಯಾಷಿಯಂ ಕ್ಲೋರೈಡೇ, ಕಾಫಿಗೆ ಹಾಕುವ ಸುಣ್ಣವೂ ಸುಣ್ಣವೇ ಎಂದು ಯಾರಾದರೂ ಜಾಣತನ ತೋರಿಸುತ್ತಾರೆ. ಗೊಬ್ಬರ ಗಿಡಕ್ಕೆ. ಅದರಲ್ಲಿ ಬೇರೆ ಏನೇನು ಬೆರೆತಿದೆ ಎಂದು ಮೇವಿನ ಲೆಕ್ಕದಲ್ಲಿ ಯಾರೂ ನೋಡಿರುವುದಿಲ್ಲ. ಸುಟ್ಟ ಸುಣ್ಣವಂತೂ ಬಾಯಿ ಸುಡುತ್ತದೆ. ಕಾಫಿಗೆ, ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಸಾಲಿನ ಕೆಳಗಿನ ಹುಲ್ಲನ್ನು ಮಳೆ ಚೆನ್ನಾಗಿ ತೊಳೆಯುವವರೆಗೆ ಮೇಯಿಸಬೇಡಿ. ಎಲ್ಲಕ್ಕಿಂತ ಮುಖ್ಯ, ಕೋಳಿ ಫೀಡಿನ ಚೀಲ ಕುದುರೆಯ ಹತ್ತಿರ ಸುಳಿಯಬಾರದು. ಕೋಳಿ ಫೀಡಿಗೆ, ಕೆಲವೊಮ್ಮೆ ದನದ ಫೀಡಿಗೂ ಬೆರೆಸುವ ಮೊನೆನ್ಸಿನ್ ಕುದುರೆಯ ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ. ಕಿಲೋ ತೂಕಕ್ಕೆ ಎರಡು ಮೂರು ಮಿಲಿಗ್ರಾಂ ಸಾಕು, ಮದ್ದಿಲ್ಲ.

ರಕ್ತದ ರಿಪೋರ್ಟ್ ಚೆನ್ನಾಗಿ ಬಂದು, ಮೇವು ಬದಲಿಸಿ ಆರು ವಾರ ಕಳೆದ ಮೇಲೆ 15 ಕಿ.ಮೀ.ಯಿಂದ ಮತ್ತೆ ಶುರು ಮಾಡಿ. ಸ್ಟೆತಸ್ಕೋಪ್ ಒಂದು ಕೊಂಡುಕೊಳ್ಳಿ. ಎಡ ಮೊಣಕೈ ಹಿಂದೆ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಲ್ಲಿಸಿದ ಅರ್ಧ ಗಂಟೆಯಲ್ಲಿ 60ಕ್ಕೆ ಇಳಿಯದಿದ್ದರೆ ಮುಂದಿನ ವಾರ ದೂರ ಹೆಚ್ಚಿಸಬೇಡಿ. ಒಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಹೊಟ್ಟೆಯ ಎರಡೂ ಬದಿ ಗುಡುಗುಡು ಕೇಳಬೇಕು, ಮೌನ ಕೇಳಿದರೆ ಅವತ್ತು ಉಪ್ಪೂ ಬೇಡ, ಕಾಳೂ ಬೇಡ, ನನಗೋ ಹತ್ತಿರದ ವೈದ್ಯರಿಗೋ ಫೋನ್ ಮಾಡಿ. ಎರಡನೇ ಕುದುರೆಗೂ ಇದೇ ಮೇವು ಹಾಕುತ್ತಿದ್ದೀರಲ್ವಾ? ಅದು ಸೆಟೆದುಕೊಂಡಿಲ್ಲ ಎಂದು ಬಿಡಬೇಡಿ, ಅದರ ಲೆಕ್ಕವನ್ನೂ ಇವತ್ತೇ ತಿದ್ದಿ. ಗೋಡೆಯ ಉಪ್ಪಿನ ಕಲ್ಲನ್ನು ಬಿಚ್ಚುವುದೇನೂ ಬೇಡ, ಇರಲಿ. ಜೂನ್ ತಿಂಗಳ ಮಳೆಗೆ ಅದು ತಾನಾಗಿ ಕರಗಿ ಗೋಡೆ ಇಳಿದು ಹೋಗುತ್ತದೆ.